ಮಲ್ಪೆಯ ಹಾಡು ಸ್ಪಾಟಿಫೈಗೆ ಹೋಗುವ ಮೊದಲು

ಪ್ರಶ್ನೆ: ನಾವು ಮಲ್ಪೆಯ ನಾಲ್ವರು ಗೆಳೆಯರು. ಐದು ಹಾಡು ರೆಕಾರ್ಡ್ ಮಾಡಿ ಇಟ್ಟಿದ್ದೇವೆ. ಮೂರು ತುಳು ಹಾಡು ನಮ್ಮದೇ. ಅದರಲ್ಲಿ ಒಂದಕ್ಕೆ ಯೂಟ್ಯೂಬ್‌ನಲ್ಲಿ ಸಿಕ್ಕಿದ ಫ್ರೀ ಬೀಟ್ (ರೆಡಿಮೇಡ್ ಹಿನ್ನೆಲೆ ಸಂಗೀತ) ಬಳಸಿದ್ದೇವೆ. ಇನ್ನೊಂದಕ್ಕೆ ಯಕ್ಷಗಾನದ ಆಟದಲ್ಲಿ ಮೊಬೈಲ್‌ನಲ್ಲಿ ಹಿಡಿದ ಚೆಂಡೆ ಪೆಟ್ಟು ಸೇರಿಸಿದ್ದೇವೆ. ನಾಲ್ಕನೆಯದು ಕನಕದಾಸರ ಪದ. ಐದನೆಯದು ನನ್ನ ತಂದೆ ಬರೆದು ರಾಗ ಹಾಕಿದ್ದು. ಅದನ್ನು ಅವರೇ 1994ರಲ್ಲಿ ಮಂಗಳೂರಿನ ಒಂದು ಕ್ಯಾಸೆಟ್ ಕಂಪನಿಗೆ ಹಾಡಿದ್ದರು. ತಂದೆ ಈಗಿಲ್ಲ. ನಾವು ಹೊಸದಾಗಿ ಹಾಡಿದ್ದೇವೆ. ಇವನ್ನೆಲ್ಲ ಸ್ಪಾಟಿಫೈ, ಆ್ಯಪಲ್ ಮ್ಯೂಸಿಕ್, ಜಿಯೋಸಾವನ್‌ಗೆ ಹಾಕುವುದು ಹೇಗೆ? ಎಷ್ಟು ದುಡ್ಡು ಬರುತ್ತದೆ? ಪರಿಚಯದವರೊಬ್ಬರು "ನಮ್ಮ ಚಾನೆಲ್‌ಗೆ ಕೊಡಿ, ಎಲ್ಲಾ ಕಡೆ ನಾವೇ ಹಾಕುತ್ತೇವೆ, ನಿಮಗೆ ಖರ್ಚಿಲ್ಲ" ಎಂದು ಒಂದು ಕಾಗದ ಕೊಟ್ಟಿದ್ದಾರೆ. ಸಹಿ ಹಾಕಬಹುದಾ?

ಉತ್ತರ:

ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಅವಸರ ಇರುವುದು ಅದಕ್ಕೆ. ಆ ಕಾಗದಕ್ಕೆ ಸದ್ಯ ಸಹಿ ಹಾಕಬೇಡಿ. ನಿಮ್ಮ ಪರಿಚಯದವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಅವರ ಚಾನೆಲ್‌ಗೆ ಒಳ್ಳೆಯ ಕೇಳುಗರೂ ಇರಬಹುದು. ಆದರೆ ಕಾಗದದಲ್ಲಿ ಎಂತ ಬರೆದಿದೆ ನೋಡಿ. "ಎಲ್ಲಾ ಹಕ್ಕುಗಳನ್ನು ಶಾಶ್ವತವಾಗಿ ವಹಿಸಿಕೊಟ್ಟಿದ್ದೇವೆ" ಎಂಬ ಅರ್ಥದ ಸಾಲು ಇದ್ದರೆ ಅದು ವಿತರಣೆಯ ಒಪ್ಪಂದ ಅಲ್ಲ, ಕ್ರಯಪತ್ರ. ತೆಂಗಿನ ತೋಟವನ್ನು ಗೇಣಿಗೆ ಕೊಡುವುದು ಬೇರೆ, ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಬರೆದು ಕೊಡುವುದು ಬೇರೆ ಅಲ್ವಾ? ಖರ್ಚಿಲ್ಲ ಎಂಬ ಮಾತು ಕೇಳಿ ಬರೆದು ಕೊಟ್ಟು, ಆಮೇಲೆ ನನ್ನ ಸ್ಟುಡಿಯೋದ ಬೆಂಚಿನ ಮೇಲೆ ಕುಳಿತು ತಲೆ ಕೆರೆದುಕೊಂಡವರನ್ನು ಎಷ್ಟೋ ಸಲ ನೋಡಿದ್ದೇನೆ. ಆ ಚಾನೆಲ್ ಬೇಕೇ ಬೇಕು ಅನಿಸಿದರೆ ವಿಡಿಯೋ ಮಾತ್ರ ಕೊಡಿ. ಅದೂ ಎರಡು ವರ್ಷ ಅಂತ ಅವಧಿ ಬರೆಸಿ.

ಆ್ಯಪ್‌ಗಳಿಗೆ ಹೋಗಲು ಅವರು ನಿಮಗೆ ಬೇಕಾಗಿಯೂ ಇಲ್ಲ. ಸ್ಪಾಟಿಫೈ ನಿಮ್ಮಿಂದ ನೇರವಾಗಿ ಹಾಡು ತೆಗೆದುಕೊಳ್ಳುವುದಿಲ್ಲ, ಅದು ನಿಜ. 2018ರಲ್ಲಿ ಕೆಲವು ಕಲಾವಿದರಿಗೆ ನೇರ ಅಪ್‌ಲೋಡ್ ಕೊಟ್ಟು ನೋಡಿದರು, ಮರುವರ್ಷವೇ ನಿಲ್ಲಿಸಿದರು. ಹಾಗಾಗಿ ನಡುವೆ ಒಬ್ಬ ವಿತರಕ ಬೇಕು. ಡಿಸ್ಟ್ರೋಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿ, ರೂಟ್‌ನೋಟ್ ಇವೆಲ್ಲ ಅದೇ ಕೆಲಸ ಮಾಡುವ ಕಂಪನಿಗಳು. ನಿಮ್ಮ ಫೈಲ್ ತೆಗೆದುಕೊಂಡು ಎಲ್ಲಾ ಆ್ಯಪ್‌ಗಳಿಗೆ ತಲುಪಿಸುತ್ತವೆ, ಬಂದ ದುಡ್ಡನ್ನು ನಿಮಗೆ ಕೊಡುತ್ತವೆ. ಮೀನು ನಿಮ್ಮದೇ, ಅವರದ್ದು ಲಾರಿ ಮಾತ್ರ.

ಬಾಡಿಗೆ ಮೂರು ರೀತಿ. ಡಿಸ್ಟ್ರೋಕಿಡ್‌ನಂಥವರಿಗೆ ವರ್ಷದ ಚಂದಾ ಕಟ್ಟಬೇಕು, ಎಷ್ಟು ಹಾಡು ಬೇಕಾದರೂ ಹಾಕಬಹುದು. ಸಿಡಿ ಬೇಬಿಗೆ ಒಂದು ಬಿಡುಗಡೆಗೆ ಒಂದೇ ಸಲ ಕಟ್ಟಿದರೆ ಸಾಕು, ಆದರೆ ಗಳಿಕೆಯಲ್ಲಿ ನೂರಕ್ಕೆ 9 ಅವರು ಇಟ್ಟುಕೊಳ್ಳುತ್ತಾರೆ. ರೂಟ್‌ನೋಟ್‌ನಲ್ಲಿ ಉಚಿತವಾಗಿಯೂ ಹಾಕಬಹುದು, ಆಗ ಅವರ ಪಾಲು ನೂರಕ್ಕೆ 15. ವರ್ಷಕ್ಕೆ ಹತ್ತು ಹಾಡು ಮಾಡುವವರಿಗೆ ಚಂದಾ ಲಾಭ. ಐದು ಹಾಡು ಮಾಡಿ ಆಮೇಲೆ ಕೆಲಸ, ಮದುವೆ, ದುಬೈ ಅಂತ ಚದುರಿಹೋಗುವವರಿಗೆ (ಬೇಜಾರು ಮಾಡಬೇಡಿ, ನಮ್ಮ ಊರಿನ ಹೆಚ್ಚಿನ ಬ್ಯಾಂಡ್‌ಗಳ ಕಥೆ ಇದೇ) ಒಂದೇ ಸಲ ಕಟ್ಟುವ ಅಥವಾ ಪಾಲು ಕೊಡುವ ದಾರಿ ಒಳ್ಳೆಯದು.

ಯಾಕೆ ಅಂದರೆ, ಚಂದಾ ನಿಂತರೆ ಹಾಡು ಕೆಳಗೆ ಬರುತ್ತದೆ. ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ನನ್ನದೇ ಒಂದು ವಾದ್ಯ ಸಂಗೀತದ ಆಲ್ಬಂ ವರ್ಷದ ಚಂದಾದಲ್ಲಿ ಹಾಕಿದ್ದೆ. ಕಾರ್ಡಿನ ಅವಧಿ ಮುಗಿದಿತ್ತು. ವಿತರಕರು ಕಳುಹಿಸಿದ ಇಮೇಲ್‌ಗಳು ಪ್ರಮೋಷನ್ಸ್ ಡಬ್ಬಿಯಲ್ಲಿ ಕೊಳೆಯುತ್ತಿದ್ದವು. ಒಂದು ದಿನ ಸಂಬಂಧಿಕರೊಬ್ಬರು "ನಿನ್ನ ಹಾಡು ಕಾಣುವುದಿಲ್ಲವಲ್ಲ ಮಾರಾಯ" ಅಂತ ಫೋನ್ ಮಾಡಿದಾಗಲೇ ನನಗೆ ಗೊತ್ತಾದದ್ದು. ಗಡಿಬಿಡಿಯಲ್ಲಿ ಮತ್ತೆ ಅಪ್‌ಲೋಡ್ ಮಾಡಿದೆ. ಆಗ ಇನ್ನೊಂದು ತಪ್ಪು ಮಾಡಿದೆ: ಹಳೆಯ ಐಎಸ್‌ಆರ್‌ಸಿ ನಂಬರ್ ಹಾಕಲಿಲ್ಲ, ಹೊಸದು ಬಂತು. ಮೂರು ವರ್ಷ ಕೂಡಿಸಿದ ಪ್ಲೇಗಳೆಲ್ಲ ಸೊನ್ನೆ. ಜನ ತಮ್ಮ ಪ್ಲೇಲಿಸ್ಟ್‌ಗೆ ಸೇರಿಸಿಕೊಂಡದ್ದೂ ಹೋಯಿತು.

ಈ ಐಎಸ್‌ಆರ್‌ಸಿ ಅಂದರೆ ರೆಕಾರ್ಡಿಂಗ್‌ನ ಆಧಾರ್ ಸಂಖ್ಯೆ. ಒಟ್ಟು 12 ಅಕ್ಷರ ಮತ್ತು ಅಂಕಿ. ದೇಶಕ್ಕೆ ಎರಡು, ನೋಂದಾಯಿಸಿದವರಿಗೆ ಮೂರು, ವರ್ಷಕ್ಕೆ ಎರಡು, ಉಳಿದ ಐದು ಆ ಹಾಡಿಗೆ. ವಿತರಕರೇ ಉಚಿತವಾಗಿ ಕೊಡುತ್ತಾರೆ, ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಐದು ಹಾಡಿನ ಐದು ನಂಬರ್ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದೆ ವಿತರಕರನ್ನು ಬದಲಿಸಿದರೆ ಅದೇ ರೆಕಾರ್ಡಿಂಗ್‌ಗೆ ಅದೇ ನಂಬರ್ ಕೊಡಬೇಕು. ಹೊಸದಾಗಿ ಹಾಡಿದರೆ ಮಾತ್ರ ಹೊಸ ನಂಬರ್.

ಅಪ್‌ಲೋಡ್ ಮಾಡುವುದು ಅರ್ಧ ಗಂಟೆಯ ಕೆಲಸ. ಅದರ ಮೊದಲಿನ ಕೆಲಸವೇ ಜಾಸ್ತಿ. ಹಾಡು ಯಾರದ್ದು, ಹೆಸರು ಹೇಗೆ ಬರೆಯುವುದು, ಇವೆರಡು ಸರಿ ಆಗಬೇಕು. ನನ್ನ ಹತ್ತಿರ ಬರುವ ದೂರುಗಳಲ್ಲಿ ಹೆಚ್ಚಿನವು ಈ ಎರಡರಲ್ಲೇ ಹುಟ್ಟಿದವು.

ಮೊದಲು ನಿಮ್ಮ ಮೂರು ತುಳು ಹಾಡು. ಕಾನೂನಿನ ಕಣ್ಣಲ್ಲಿ ಒಂದು ಹಾಡು ಅಂದರೆ ಒಂದು ವಸ್ತು ಅಲ್ಲ, ಮೂರು. ಸಾಹಿತ್ಯ ಬರೆದವರದ್ದು, ರಾಗ ಹಾಕಿದವರದ್ದು, ರೆಕಾರ್ಡಿಂಗ್ ಮಾಡಿಸಿದವರದ್ದು. ರೆಕಾರ್ಡಿಂಗ್‌ನ ಒಡೆಯ ಹಾಡಿದವನಲ್ಲ. ಯಾರು ಮುಂದೆ ನಿಂತು ಹೊಣೆ ಹೊತ್ತು ಅದನ್ನು ಮಾಡಿಸಿದರೋ ಅವರು. ಹಾಡಿದವರಿಗೂ ನುಡಿಸಿದವರಿಗೂ ಕಲಾವಿದರ ಹಕ್ಕು ಅಂತ ಬೇರೆ ಉಂಟು. ನಾಲ್ವರು ಸಮ ಸಮ ಹಾಕಿ ಸ್ಟುಡಿಯೋ ಬಿಲ್ಲು ಕಟ್ಟಿದ್ದೀರಾ? ಹಾಗಾದರೆ ರೆಕಾರ್ಡಿಂಗ್ ನಾಲ್ವರದ್ದು. ಸಾಹಿತ್ಯ ಒಬ್ಬನೇ ಬರೆದಿದ್ದರೆ ಅದು ಅವನೊಬ್ಬನದ್ದು. ಹೋಟೆಲ್‌ನಲ್ಲಿ ಬನ್ಸ್ ತಿನ್ನುತ್ತಾ ಒಬ್ಬ ಒಂದು ಸಾಲು ಹೇಳಿಕೊಟ್ಟದ್ದಕ್ಕೆ ಪಾಲು ಉಂಟಾ ಇಲ್ಲವಾ, ಅದನ್ನು ಈಗಲೇ ಮಾತಾಡಿಕೊಳ್ಳಿ. ಹಾಡು ಓಡಿದ ಮೇಲೆ ಆ ಮಾತು ಆಡುವುದು ಕಷ್ಟ.

ಮಾತಾಡಿದ್ದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಛಾಪಾ ಕಾಗದ ಆಗಬೇಕೆಂದಿಲ್ಲ. ಹಾಡಿನ ಹೆಸರು, ತಾರೀಕು. ಸಾಹಿತ್ಯ ಯಾರದ್ದು, ನೂರಕ್ಕೆ ಎಷ್ಟು. ರಾಗ ಯಾರದ್ದು, ಎಷ್ಟು. ರೆಕಾರ್ಡಿಂಗ್ ಯಾರದ್ದು, ಎಷ್ಟು. ಒಬ್ಬ ಬ್ಯಾಂಡ್ ಬಿಟ್ಟರೆ ಹಾಡಿಗೆ ಎಂತ ಆಗುತ್ತದೆ. ನಾಲ್ವರ ಸಹಿ. ಅದರ ಫೋಟೋ ನಾಲ್ವರ ಫೋನಿನಲ್ಲೂ ಇರಲಿ. ಕೀಬೋರ್ಡ್ ನುಡಿಸಿ ಸಂಗೀತ ಕೂಡಿಸಿದ ಸ್ಟುಡಿಯೋದವರಿಂದಲೂ "ನನ್ನ ಕೆಲಸಕ್ಕೆ ದುಡ್ಡು ಬಂದಿದೆ, ರೆಕಾರ್ಡಿಂಗ್ ಮೇಲೆ ನನಗೆ ಬೇರೆ ಹಕ್ಕಿಲ್ಲ" ಎಂದು ಎರಡು ಸಾಲು ಬರೆಸಿಕೊಳ್ಳಿ. ಇದನ್ನು ಹೇಳುತ್ತಿರುವ ನಾನೂ ಸ್ಟುಡಿಯೋದವನೇ. ನನ್ನ ಗಿರಾಕಿಗಳಿಗೆ ಕೇಳದೆಯೇ ಬರೆದು ಕೊಡುತ್ತೇನೆ, ಆಮೇಲೆ ನನಗೂ ನಿದ್ದೆ ಬರುತ್ತದೆ.

ಇನ್ನು ಆ ಫ್ರೀ ಬೀಟ್. ವಿಡಿಯೋದ ಕೆಳಗೆ ಬರೆದದ್ದನ್ನು ಪೂರ್ತಿ ಓದಿದ್ದೀರಾ? ಸಾಮಾನ್ಯವಾಗಿ ಅಲ್ಲಿ "ಲಾಭಕ್ಕಲ್ಲದ ಬಳಕೆಗೆ ಮಾತ್ರ ಉಚಿತ" ಅಂತ ಇರುತ್ತದೆ. ಸ್ಪಾಟಿಫೈಗೆ ಹಾಕುವುದು ಅಂದರೆ ವ್ಯಾಪಾರ, ಒಂದು ಪೈಸೆ ಬರದಿದ್ದರೂ ವ್ಯಾಪಾರವೇ. ಹಾಗಾಗಿ ಲೈಸೆನ್ಸ್ ಕೊಳ್ಳಬೇಕು. ಕಡಿಮೆ ಬೆಲೆಯದ್ದನ್ನು ಕೊಂಡರೆ ಅದೇ ಬೀಟ್ ಇನ್ನೂ ನೂರು ಜನರ ಹತ್ತಿರ ಇರುತ್ತದೆ. ಅದು ತಪ್ಪಲ್ಲ, ಆದರೆ ಆ ಹಾಡಿಗೆ ಕಂಟೆಂಟ್ ಐಡಿ ಹಾಕುವಂತಿಲ್ಲ.

ಕಂಟೆಂಟ್ ಐಡಿ ಅಂದರೆ ಯೂಟ್ಯೂಬ್‌ನ ಮೂಗು. ನಿಮ್ಮ ಹಾಡಿನ ವಾಸನೆ ಹಿಡಿದು, ಬೇರೆ ಯಾವ ವಿಡಿಯೋದಲ್ಲಿ ಅದು ಕೇಳಿಸಿದರೂ ಆ ವಿಡಿಯೋದ ಜಾಹೀರಾತಿನ ದುಡ್ಡು ನಿಮಗೆ ತಿರುಗುವಂತೆ ಮಾಡುತ್ತದೆ. ಪೂರ್ತಿ ನಿಮ್ಮದೇ ಆದ ಹಾಡಿಗೆ ಒಳ್ಳೆಯದು. ಹಂಚಿಕೊಂಡ ಬೀಟ್‌ಗೆ ಹಾಕಿದರೆ ಅದೇ ಬೀಟ್ ಕೊಂಡ ಇನ್ನೊಬ್ಬನ ವಿಡಿಯೋ ಮೇಲೆ ನೀವು ಕಳ್ಳತನದ ದೂರು ಕೊಟ್ಟ ಹಾಗೆ ಆಗುತ್ತದೆ. ಇನ್ನೊಂದು ತಮಾಷೆ ಉಂಟು. ನಿಮ್ಮದೇ ಚಾನೆಲ್‌ನಲ್ಲಿ ನಿಮ್ಮದೇ ವಿಡಿಯೋ ಹಾಕಿದಾಗಲೂ ಕಂಟೆಂಟ್ ಐಡಿ ಬಂದು ಹಿಡಿಯುತ್ತದೆ. ಹೆದರಬೇಡಿ. ವಿತರಕರಿಗೆ ನಿಮ್ಮ ಚಾನೆಲ್‌ನ ಲಿಂಕ್ ಕೊಟ್ಟು ಬಿಟ್ಟುಬಿಡಲು ಹೇಳಿ. ನಿಮ್ಮ ಪರಿಚಯದವರ ಚಾನೆಲ್‌ನವರು ಕಂಟೆಂಟ್ ಐಡಿ ತಮ್ಮ ಕೈಗೆ ಕೇಳಿದರೆ ಕೊಡಬೇಡಿ. ಕೊಟ್ಟರೆ ನಿಮ್ಮ ಅಕ್ಕನ ಮದುವೆ ವಿಡಿಯೋಗೆ ನಿಮ್ಮ ಹಾಡು ಹಾಕಿದರೂ ದುಡ್ಡು ಅವರಿಗೆ.

ಚೆಂಡೆ ಪೆಟ್ಟಿನ ವಿಷಯ. ಆಟ ಬಯಲಲ್ಲಿ ನಡೆದಿದೆ, ಸಾವಿರ ಜನ ಮೊಬೈಲ್ ಹಿಡಿದಿದ್ದರು, ನಾವೂ ಹಿಡಿದೆವು ಅಂತ ನಿಮ್ಮ ವಾದ ಇರಬಹುದು. ಆದರೆ ನುಡಿಸಿದವರ ಒಪ್ಪಿಗೆ ಇಲ್ಲದೆ ಅವರ ಪ್ರದರ್ಶನದ ರೆಕಾರ್ಡಿಂಗ್ ಮಾಡಿ ಮಾರುವಂತಿಲ್ಲ. ಕೃತಿಸ್ವಾಮ್ಯ ಕಾಯ್ದೆಯಲ್ಲೇ ಕಲಾವಿದರಿಗೆ ಆ ಹಕ್ಕು ಉಂಟು. ಯಕ್ಷಗಾನ ಎಲ್ಲರದ್ದು, ಅದರೊಳಗೆ ಯಾರಿಗೆ ಎಂಥ ಹಕ್ಕು ಅಂತ ಸುಮ್ನೆ ಬಿಡುವ ಹಾಗೂ ಇಲ್ಲ. ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಹಕ್ಕು ಯಾರದ್ದು ಎಂಬ ತಕರಾರು ನಮ್ಮ ಮಣಿಪಾಲದಿಂದ ಸುಪ್ರೀಂ ಕೋರ್ಟಿನ ತನಕ ಹೋಗಿ 2009ರಲ್ಲಿ ತೀರ್ಪಾಯಿತು. ನಿಮ್ಮ ಎಂಟು ಸೆಕೆಂಡಿನ ಚೆಂಡೆ ಅಲ್ಲಿಗೆ ಹೋಗುವುದಿಲ್ಲ ಬಿಡಿ. ಆದರೂ ಸುಲಭದ ದಾರಿ ಇದೆಯಲ್ಲ: ಒಬ್ಬ ಚೆಂಡೆಯವರನ್ನು ಕರೆಸಿ, ಸಂಭಾವನೆ ಕೊಟ್ಟು, ಅದೇ ಪೆಟ್ಟು ನುಡಿಸಿ, ಒಪ್ಪಿಗೆಗೆ ಸಹಿ ಹಾಕಿಸಿಕೊಳ್ಳಿ. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆ ಆದ ಮೇಲೆ ಮೇಳಗಳ ತಿರುಗಾಟ ನಿಂತಿರುತ್ತದೆ, ಕಲಾವಿದರು ಊರಲ್ಲಿ ಸಿಗುತ್ತಾರೆ. ಮೊಬೈಲ್‌ನ ಚೆಂಡೆಗಿಂತ ಶಬ್ದವೂ ನೂರು ಪಾಲು ಚೆನ್ನಾಗಿ ಬರುತ್ತದೆ. ಒಂದೇ ಎಚ್ಚರ, ಚೆಂಡೆಯ ಎದುರು ಮೈಕ್ ತೀರಾ ಹತ್ತಿರ ಇಡಬೇಡಿ, ಒಡೆದುಹೋಗುತ್ತದೆ. ಮಳೆಗಾಲದಲ್ಲಿ ಹಂಚಿನ ಮಾಡಿನ ಕೆಳಗೆ ರೆಕಾರ್ಡಿಂಗ್ ಬೇಡ ಅಂತ ಹೇಳಬೇಕಾಗಿಲ್ಲ ತಾನೇ?

ಕನಕದಾಸರ ಪದಕ್ಕೆ ಬರುತ್ತೇನೆ. ಉಡುಪಿಯವರು ಕನಕನ ಪದಕ್ಕೆ ಯಾರ ಅನುಮತಿ ಕೇಳಬೇಕು ಅಂತ ನಗಬಹುದು. ಸಾಹಿತ್ಯಕ್ಕೆ ಯಾರದ್ದೂ ಬೇಡ. ಬರೆದವರು ತೀರಿಹೋಗಿ 60 ವರ್ಷ ಆದ ಮೇಲೆ ಸಾಹಿತ್ಯ ಎಲ್ಲರದ್ದು. ದಾಸರು ಹೋಗಿ ಶತಮಾನಗಳೇ ಆದವು. ಪ್ರಶ್ನೆ ಇರುವುದು ರಾಗದಲ್ಲಿ. ಆ ಪದವನ್ನು ನೀವು ಯಾವ ಧಾಟಿಯಲ್ಲಿ ಹಾಡಿದ್ದೀರಿ? ಭಜನಾ ಮಂದಿರದಲ್ಲಿ ಅಜ್ಜನ ಕಾಲದಿಂದ ಹಾಡುವ ಧಾಟಿಯಾದರೆ ಸರಿ. ನೀವೇ ಕೂಡಿಸಿದ್ದಾದರೆ ಇನ್ನೂ ಸರಿ, ರಾಗದ ಹಕ್ಕು ನಿಮ್ಮದೇ ಆಗುತ್ತದೆ. ಆದರೆ ಮನೆಯಲ್ಲಿ ಬೆಳಗ್ಗೆ ಟೇಪ್‌ನಲ್ಲಿ ಕೇಳಿ ಕೇಳಿ ಬಾಯಿಗೆ ಬಂದ ಧಾಟಿಯಾದರೆ ಅದನ್ನು ಇಪ್ಪತ್ತನೇ ಶತಮಾನದಲ್ಲಿ ಯಾರೋ ಒಬ್ಬ ಸಂಗೀತಗಾರರು ಕೂಡಿಸಿರುವ ಸಾಧ್ಯತೆ ಜಾಸ್ತಿ. ನಾವು ಹಳೆಯದು ಅಂದುಕೊಂಡ ಎಷ್ಟೋ ಧಾಟಿಗಳ ವಯಸ್ಸು ನಮ್ಮ ಅಪ್ಪಂದಿರ ವಯಸ್ಸು. ಅನುಮಾನ ಬಂದರೆ ಧಾಟಿ ಬದಲಿಸಿ. ದಾಸರ ಪದಕ್ಕೆ ಹೊಸ ರಾಗ ಹಾಕುವುದರಲ್ಲಿ ಅಪಚಾರ ಎಂತದ್ದೂ ಇಲ್ಲ.

ಧಾಟಿ ನಿಮ್ಮದೇ ಆದರೂ ದಾಸರ ಪದಕ್ಕೆ ಯೂಟ್ಯೂಬ್‌ನಲ್ಲಿ ಒಂದು ತಪ್ಪು ಕ್ಲೇಮ್, ಅಂದರೆ "ಇದು ನಮ್ಮದು" ಎಂಬ ದೂರು ಬರಬಹುದು. ಭಕ್ತಿ ಸಂಗೀತಕ್ಕೆ ಇದು ಮಾಮೂಲಿ ಕಾಟ. ನೀವೂ ಇನ್ನೊಬ್ಬರೂ ಒಂದೇ ರೆಡಿಮೇಡ್ ತಂಬೂರಿ ಶ್ರುತಿಯೋ ತಬಲಾ ಲೂಪೋ ಬಳಸಿರುತ್ತೀರಿ, ಅವರು ಕಂಟೆಂಟ್ ಐಡಿ ಹಾಕಿರುತ್ತಾರೆ. ಕ್ಲೇಮ್ ಬಂದ ಕೂಡಲೇ ವಿಡಿಯೋ ತೆಗೆಯಬೇಡಿ. ಯಾವ ಸೆಕೆಂಡಿನಿಂದ ಯಾವ ಸೆಕೆಂಡಿಗೆ ಅಂತ ಅಲ್ಲೇ ತೋರಿಸುತ್ತದೆ. ಲೂಪ್‌ನ ಲೈಸೆನ್ಸ್ ಇಟ್ಟುಕೊಂಡು ತಕರಾರು ಹಾಕಿ.

ಹಕ್ಕಿನ ಕಥೆಯಲ್ಲಿ ನಿಮ್ಮ ತಂದೆಯವರ ಹಾಡು ಉಳಿಯಿತು. ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ, ಅದಕ್ಕೆ ಸ್ವಲ್ಪ ಜಾಗ ಬೇಕು.

ಈಗ ಹೆಸರು. ನಮ್ಮ ಕಡೆ ಒಬ್ಬನಿಗೆ ಮೂರು ಹೆಸರು. ಆಧಾರ್‌ನಲ್ಲಿ ಇನಿಷಿಯಲ್, ಪ್ಯಾನ್‌ನಲ್ಲಿ ಮನೆತನದ ಹೆಸರು, ಇನ್‌ಸ್ಟಾಗ್ರಾಮ್‌ನಲ್ಲಿ ಊರಿನ ಹೆಸರು. ಆ್ಯಪ್‌ಗಳಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ದೀರ್ಘಕ್ಕೆ ಒಂದು ಎ ಹಾಕುತ್ತೀರಾ ಎರಡಾ, ಕೊನೆಯಲ್ಲಿ ಎಚ್ ಇದೆಯಾ ಇಲ್ಲವಾ, ಒಮ್ಮೆ ತೀರ್ಮಾನ ಮಾಡಿ. ಆಮೇಲೆ ಐದೂ ಹಾಡಿಗೆ ಅದನ್ನೇ ಬಳಸಿ. ಸಾಹಿತ್ಯ, ರಾಗದವರ ಹೆಸರನ್ನು ಮಾತ್ರ ದಾಖಲೆಯಲ್ಲಿ ಇರುವ ಹಾಗೆ ಪೂರ್ತಿ ಕೊಡಿ. ಕಲಾವಿದರ ಜಾಗದಲ್ಲಿ ನಾಲ್ವರ ಹೆಸರು ಬೇಡ, ಬ್ಯಾಂಡಿನ ಹೆಸರು ಒಂದೇ ಸಾಕು.

ಬ್ಯಾಂಡಿನ ಹೆಸರು ಆರಿಸುವ ಮೊದಲು ಎಲ್ಲಾ ಆ್ಯಪ್‌ಗಳಲ್ಲಿ ಹುಡುಕಿ ನೋಡಿ. ನನ್ನಲ್ಲಿ ರೆಕಾರ್ಡ್ ಮಾಡಿದ ಒಂದು ಕೊಂಕಣಿ ಕ್ರಿಸ್ಮಸ್ ಹಾಡು ಬಿಡುಗಡೆಯ ದಿನ ಯುರೋಪಿನ ಯಾವುದೋ ಮೆಟಲ್ ಬ್ಯಾಂಡಿನ ಪುಟದಲ್ಲಿ ಹೋಗಿ ಕುಳಿತಿತ್ತು. ಎರಡೂ ಬ್ಯಾಂಡಿಗೆ ಒಂದೇ ಹೆಸರು. ಆ ಬ್ಯಾಂಡಿನ ಅಭಿಮಾನಿಗಳು ಗೋದಲಿಯ ಹಾಡು ಕೇಳಿ ಎಂತ ಅಂದುಕೊಂಡರೋ ದೇವರಿಗೇ ಗೊತ್ತು. ಸರಿ ಮಾಡಿಸುವಾಗ ಹಬ್ಬ ಮುಗಿದಿತ್ತು. ಅಪ್‌ಲೋಡ್ ಮಾಡುವಾಗ "ಹೊಸ ಕಲಾವಿದ" ಎಂಬುದನ್ನು ಆರಿಸಿದರೆ ಈ ಫಜೀತಿ ಕಡಿಮೆ.

ಹಾಡಿನ ಹೆಸರೂ ಅಷ್ಟೇ. ಯೂಟ್ಯೂಬ್‌ನಲ್ಲಿ ಹಾಕುವ "ತುಳು ಹೊಸ ಹಾಡು, ಸೂಪರ್ ಹಿಟ್, ಲಿರಿಕಲ್ ವಿಡಿಯೋ" ಎಂಬ ರೈಲು ಇಲ್ಲಿ ನಡೆಯುವುದಿಲ್ಲ. ಆ್ಯಪ್‌ನವರು ವಾಪಸ್ ಕಳುಹಿಸುತ್ತಾರೆ. ಹಾಡಿನ ಹೆಸರು ಮಾತ್ರ. ಭಾಷೆಯ ಪಟ್ಟಿಯಲ್ಲಿ ತುಳು ಇದ್ದರೆ ಅದನ್ನೇ ಆರಿಸಿ. ಕಾಣದಿದ್ದರೆ ಕನ್ನಡ ಅಂತ ಒತ್ತುವ ಮೊದಲು ವಿತರಕರಿಗೆ ಒಂದು ಇಮೇಲ್ ಬರೆದು ಕೇಳಿ. ಕೇಳುವವರು ಜಾಸ್ತಿ ಆದರೆ ಸೇರಿಸಿಯಾರು. ತುಳು ಲಿಪಿ 2024ರ ಸೆಪ್ಟೆಂಬರ್‌ನಲ್ಲಿ ಯುನಿಕೋಡ್‌ಗೆ ಸೇರಿದ್ದು ನಮಗೆಲ್ಲ ಖುಷಿಯ ಸುದ್ದಿಯೇ. ಆದರೆ ಹೆಚ್ಚಿನ ಫೋನುಗಳಲ್ಲಿ ಅದರ ಫಾಂಟ್ ಇಲ್ಲ, ಖಾಲಿ ಚೌಕ ಕಾಣುತ್ತದೆ. ಕವರ್ ಚಿತ್ರದಲ್ಲಿ ತುಳು ಲಿಪಿ ಬಳಸಿ. ಹೆಸರಿನ ಜಾಗದಲ್ಲಿ ಜನ ಹುಡುಕುವಾಗ ಟೈಪ್ ಮಾಡುವ ಅಕ್ಷರ ಇರಲಿ.

ಫೈಲ್‌ಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ವಾಟ್ಸಾಪ್‌ನಲ್ಲಿ ಬಂದ ಎಂಪಿ3 ಬೇಡ, ಸ್ಟುಡಿಯೋದಿಂದ ವೇವ್ ಫೈಲ್ ತೆಗೆದುಕೊಳ್ಳಿ. ಸ್ಪಾಟಿಫೈ ಎಲ್ಲಾ ಹಾಡನ್ನೂ ಸುಮಾರು ಮೈನಸ್ 14 ಲಫ್ಸ್ (ಶಬ್ದದ ಜೋರು ಅಳೆಯುವ ಮಾಪನ) ಮಟ್ಟಕ್ಕೆ ತಂದು ಕೇಳಿಸುತ್ತದೆ, ಹಾಗಾಗಿ ಕೊನೆಯ ಹದ ಮಾಡುವ ಮಾಸ್ಟರಿಂಗ್‌ನಲ್ಲಿ ಕಿವಿ ಒಡೆಯುವಷ್ಟು ಜೋರು ಮಾಡಿ ಪ್ರಯೋಜನ ಇಲ್ಲ. ಕವರ್ ಚಿತ್ರ ಚೌಕವಾಗಿರಲಿ, 3000 ಪಿಕ್ಸೆಲ್ ಉದ್ದ, ಅಷ್ಟೇ ಅಗಲ. ಅದರ ಮೇಲೆ ಫೋನ್ ನಂಬರ್, ಇನ್‌ಸ್ಟಾಗ್ರಾಮ್ ಹೆಸರು, ಪ್ರಾಯೋಜಕರ ಲೋಗೋ ಹಾಕಿದರೆ ತಿರಸ್ಕರಿಸುತ್ತಾರೆ. ಮಲ್ಪೆ ಬೀಚಿನ ಫೋಟೋ ಗೂಗಲ್‌ನಿಂದ ಎತ್ತಬೇಡಿ, ಐದು ನಿಮಿಷ ನಡೆದರೆ ನಿಮಗೇ ತೆಗೆಯಬಹುದಲ್ಲ.

ತಾರೀಕು ಇಂದಿನಿಂದ ನಾಲ್ಕು ವಾರ ಮುಂದೆ ಇಡಿ. ಹಾಡು ಸ್ಪಾಟಿಫೈಗೆ ತಲುಪಿದ ಮೇಲೆ "ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್" ಎಂಬಲ್ಲಿ ನಿಮ್ಮ ಪುಟ ನಿಮ್ಮ ಹೆಸರಿಗೆ ಮಾಡಿಕೊಳ್ಳಿ. ಬಿಡುಗಡೆಗೆ ಕನಿಷ್ಠ ಏಳು ದಿನ ಇರುವಾಗ ಅಲ್ಲಿಂದ ಹಾಡನ್ನು ಅವರ ಸಂಪಾದಕರಿಗೆ ಕಳುಹಿಸಬಹುದು. ಅವರು ಪ್ಲೇಲಿಸ್ಟ್‌ಗೆ ಹಾಕದಿದ್ದರೂ ನಿಮ್ಮನ್ನು ಫಾಲೋ ಮಾಡುವವರ ಹೊಸ ಹಾಡಿನ ಪಟ್ಟಿಗೆ ಅದು ಹೋಗುತ್ತದೆ. ಬಿಡುಗಡೆ ಆದ ಹಾಡನ್ನು ಹೀಗೆ ಕಳುಹಿಸಲು ಆಗುವುದಿಲ್ಲ. ಕನಕದಾಸರ ಪದವನ್ನು ಕೃಷ್ಣಾಷ್ಟಮಿಗೆ, ಅದರ ಮರುದಿನದ ವಿಟ್ಲಪಿಂಡಿ ಉತ್ಸವದ ಗದ್ದಲಕ್ಕೆ ಬಿಡಬೇಕು ಅಂತ ಇದ್ದರೆ ಹುಲಿವೇಷದ ತಾಸೆ ಪೆಟ್ಟು ಕೇಳಿಸಿದ ಮೇಲೆ ಅಪ್‌ಲೋಡ್‌ಗೆ ಕೂತುಕೊಳ್ಳಬೇಡಿ. ಐದನ್ನೂ ಒಂದೇ ದಿನ ಬಿಡುವುದಕ್ಕೆ ನನ್ನ ಮತ ಇಲ್ಲ. ಒಂದೊಂದಾಗಿ, ಆರು ವಾರಕ್ಕೊಂದು ಬಿಡಿ. ಒಂದೊಂದನ್ನೂ ಸಂಪಾದಕರಿಗೆ ಕಳುಹಿಸುವ ಅವಕಾಶ ಸಿಗುತ್ತದೆ.

ದುಡ್ಡು. ಇಲ್ಲಿ ನಿಮಗೆ ಬೇಜಾರಾಗಬಹುದು. ಒಂದು ಪ್ಲೇಗೆ ಇಂತಿಷ್ಟು ಎಂಬ ರೇಟ್ ಸ್ಪಾಟಿಫೈನಲ್ಲಿ ಇಲ್ಲ. ಒಂದು ದೇಶದಲ್ಲಿ ಚಂದಾದಿಂದ, ಜಾಹೀರಾತಿನಿಂದ ಬಂದ ಹಣದಲ್ಲಿ ಹಾಡಿನವರಿಗೆ ಅಂತ ಇಟ್ಟ ಭಾಗವನ್ನು, ಒಟ್ಟು ಪ್ಲೇಗಳಲ್ಲಿ ನಿಮ್ಮ ಪಾಲು ಎಷ್ಟೋ ಅಷ್ಟು ಹಂಚುತ್ತಾರೆ. ಕನಿಷ್ಠ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಪ್ಲೇ. ಹಾಗಾಗಿ ಒಂದು ನಿಮಿಷದ ಆಲಾಪದಿಂದ ಶುರುವಾಗುವ ಹಾಡಿಗೆ ಸ್ವಲ್ಪ ಕಷ್ಟವೇ. 2024ರಿಂದ ಇನ್ನೊಂದು ನಿಯಮ ಬಂದಿದೆ: ಹಿಂದಿನ 12 ತಿಂಗಳಲ್ಲಿ 1,000 ಪ್ಲೇ ಆಗದ ಹಾಡಿಗೆ ರೆಕಾರ್ಡಿಂಗ್‌ನ ಗಳಿಕೆ ಏನೂ ಇಲ್ಲ. ಭಾರತಕ್ಕೆ ಸ್ಪಾಟಿಫೈ 2019ರ ಫೆಬ್ರವರಿಯಲ್ಲಿ ಬಂದಾಗ ತಿಂಗಳ ಚಂದಾ 119 ರೂಪಾಯಿ. ಉಚಿತವಾಗಿ ಕೇಳುವವರೇ ಜಾಸ್ತಿ. ಹಾಗಾಗಿ ಇಲ್ಲಿನ ಒಂದು ಪ್ಲೇಯ ಲೆಕ್ಕ ಪೈಸೆಗಳಲ್ಲಿ. ಆದರೆ ನಮ್ಮ ಕರಾವಳಿಯವರಿಗೆ ಒಂದು ಅನುಕೂಲ ಉಂಟು. ನಮ್ಮ ಜನ ದುಬೈ, ಮಸ್ಕತ್, ಕುವೈತ್‌ನಲ್ಲಿ ತುಂಬಿದ್ದಾರೆ. ಅಲ್ಲಿ ಚಂದಾ ದುಬಾರಿ, ಹಾಗಾಗಿ ಅಲ್ಲಿನ ಒಂದು ಪ್ಲೇ ಇಲ್ಲಿನ ಒಂದು ಪ್ಲೇಗಿಂತ ಜಾಸ್ತಿ ತರುತ್ತದೆ. ನಿಮ್ಮ ಲಿಂಕ್ ಮೊದಲು ಹೋಗಬೇಕಾದದ್ದು ಗಲ್ಫ್‌ನ ತುಳು ಕೂಟಗಳ ಗ್ರೂಪ್‌ಗಳಿಗೆ.

ಇನ್‌ಸ್ಟಾಗ್ರಾಮ್‌ನಲ್ಲಿ ಯಾರಾದರೂ ಕೆಲವು ನೂರು ರೂಪಾಯಿಗೆ ಹತ್ತು ಸಾವಿರ ಪ್ಲೇ ಮಾಡಿಕೊಡುತ್ತೇವೆ ಅಂತ ಬಂದರೆ ಬ್ಲಾಕ್ ಮಾಡಿ. ಯಂತ್ರದಿಂದ ಮಾಡಿಸಿದ ಪ್ಲೇ ಸಿಕ್ಕಿಬಿದ್ದರೆ ಸ್ಪಾಟಿಫೈ ವಿತರಕರಿಗೆ ದಂಡ ಹಾಕುತ್ತದೆ, ಅವರು ಅದನ್ನು ನಿಮ್ಮ ತಲೆಗೆ ಕಟ್ಟುತ್ತಾರೆ, ಹಾಡನ್ನೂ ತೆಗೆಯುತ್ತಾರೆ.

ವಿತರಕರು ತಂದುಕೊಡುವುದು ರೆಕಾರ್ಡಿಂಗ್‌ನ ದುಡ್ಡು ಮಾತ್ರ. ಸಾಹಿತ್ಯ, ರಾಗದ ರಾಯಲ್ಟಿ ಬೇರೆ ದಾರಿಯಲ್ಲಿ ಬರುತ್ತದೆ. ಅದನ್ನು ವಸೂಲಿ ಮಾಡುವುದು ಐಪಿಆರ್‌ಎಸ್, 1969ರಲ್ಲಿ ಶುರುವಾದ ಸಾಹಿತಿಗಳ, ಸಂಗೀತಗಾರರ ಸಂಸ್ಥೆ. ಅದರ ಸದಸ್ಯರಾಗದೆ ಇದ್ದರೆ ಆ ಪಾಲು ನಿಮಗೆ ಬರುವುದಿಲ್ಲ. ಸಾಹಿತ್ಯ ಬರೆದವರು, ರಾಗ ಹಾಕಿದವರು ಬೇರೆ ಬೇರೆಯಾಗಿ ಸೇರಬೇಕು, ಬ್ಯಾಂಡಿನ ಹೆಸರಲ್ಲಿ ಅಲ್ಲ. ಇನ್ನೊಂದು ಫಾರ್ಮ್ ಉಂಟು. ಅಮೆರಿಕದ ವಿತರಕರಾದರೆ ಡಬ್ಲ್ಯೂ-8ಬೆನ್ ತುಂಬಿಸಲು ಹೇಳುತ್ತಾರೆ, ನೀವು ಅಮೆರಿಕದವರಲ್ಲ ಅಂತ ಅಲ್ಲಿನ ತೆರಿಗೆಯವರಿಗೆ ತಿಳಿಸುವ ಫಾರ್ಮ್ ಅದು. ಜನ ಹೆದರಿ ಅರ್ಧಕ್ಕೆ ಬಿಡುತ್ತಾರೆ. ಬಿಡಬೇಡಿ, ಪ್ಯಾನ್ ನಂಬರ್ ಹಾಕಿ ತುಂಬಿಸಿ. ಅಮೆರಿಕದ ಕೇಳುಗರಿಂದ ಬಂದ ದುಡ್ಡಿಗೆ ಅಲ್ಲಿ ನೂರಕ್ಕೆ 30 ತೆರಿಗೆ ಹಿಡಿಯುವ ಬದಲು ಎರಡು ದೇಶಗಳ ಒಪ್ಪಂದದ ಪ್ರಕಾರ 15 ಹಿಡಿಯುತ್ತಾರೆ.

ಈಗ ನಿಮ್ಮ ತಂದೆಯವರ ಹಾಡು.

ಮೊದಲು ಯೂಟ್ಯೂಬ್, ಜಿಯೋಸಾವನ್, ಸ್ಪಾಟಿಫೈನಲ್ಲಿ ಹುಡುಕಿ. ಆ ಹಳೆಯ ರೆಕಾರ್ಡಿಂಗ್ ಈಗಾಗಲೇ ಅಲ್ಲಿ ಇರಬಹುದು. ಕ್ಯಾಸೆಟ್ ಕಾಲದ ಸಣ್ಣ ಕಂಪನಿಗಳು ಮುಚ್ಚುವಾಗ ತಮ್ಮ ಹಾಡುಗಳನ್ನು ಬೇರೆಯವರಿಗೆ ಮಾರಿದ್ದುಂಟು. ಯಾರು ಹಾಕಿದ್ದಾರೆ ಅಂತ ಗೊತ್ತಾದರೆ ಮುಂದಿನ ಮಾತು ಯಾರ ಹತ್ತಿರ ಎಂಬುದು ಸ್ಪಷ್ಟ ಆಗುತ್ತದೆ.

ಕಂಪನಿಯವರು ದುಡ್ಡು ಹಾಕಿ ಮಾಡಿಸಿದ್ದರೆ ಆ 1994ರ ರೆಕಾರ್ಡಿಂಗ್ ಅವರದ್ದು. ಬಿಡುಗಡೆಯ ಮರುವರ್ಷದಿಂದ 60 ವರ್ಷ, ಅಂದರೆ 2054ರ ಕೊನೆಯವರೆಗೆ. ಅದರ ಒಂದು ಚೂರನ್ನೂ, ಹಾಡಿನ ಮೊದಲಿಗೆ ತಂದೆಯವರ ದನಿಯ ಎರಡು ಸಾಲನ್ನೂ, ಅವರ ಒಪ್ಪಿಗೆ ಇಲ್ಲದೆ ಸೇರಿಸಬೇಡಿ. ಸೇರಿಸಬೇಕು ಅಂತ ನಿಮಗೆ ಆಸೆ ಇರುತ್ತದೆ, ನನಗೆ ಅರ್ಥ ಆಗುತ್ತದೆ. ಆದರೆ ನೀವು ಹೊಸದಾಗಿ ಹಾಡಿದ್ದೀರಿ. ಹಾಗಾಗಿ ನಿಮಗೆ ಬೇಕಾದದ್ದು ಸಾಹಿತ್ಯ ಮತ್ತು ರಾಗದ ಹಕ್ಕು ಮಾತ್ರ. ಅದು ಮೂಲತಃ ತಂದೆಯವರದ್ದು. ಅವರು ಬರೆದು ಕೊಟ್ಟಿದ್ದರಾ ಎಂಬುದೇ ಪ್ರಶ್ನೆ.

ಬಾಯಿಮಾತಿನಲ್ಲಿ ಕೊಟ್ಟದ್ದು ಲೆಕ್ಕಕ್ಕಿಲ್ಲ. ಹಕ್ಕು ವಹಿಸಿಕೊಡುವುದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಈಗಿನ ಬರಹದಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು ಐದೇ ವರ್ಷ ಅಂತ ಓದುತ್ತದೆ. ಯಾವ ದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಆದರೆ ಈ ಎರಡು ನಿಯಮ ಜಾರಿಗೆ ಬಂದದ್ದು 1995ರ ಮೇ ತಿಂಗಳಲ್ಲಿ, ಅದಕ್ಕಿಂತ ಮೊದಲಿನ ಬರಹಕ್ಕೆ ಅವು ಅನ್ವಯಿಸುವುದಿಲ್ಲ. ತಂದೆಯವರ ಕಾಗದ 1994ರದ್ದಾದರೆ ಅವನ್ನು ನಂಬಿ ಕೂರುವಂತಿಲ್ಲ. ಆ ಕಾಲದ ಕ್ಯಾಸೆಟ್ ಒಪ್ಪಂದಗಳನ್ನು ನಾನು ನೋಡಿದ್ದೇನೆ, ಕೆಲವು ಅರ್ಧ ಪುಟ, ಕೆಲವು ವೋಚರ್ ಹಿಂಭಾಗದಲ್ಲಿ ಎರಡು ಸಾಲು. "ಹಾಡಿದ್ದಕ್ಕೆ ಇಷ್ಟು ರೂಪಾಯಿ ಸಂದಾಯವಾಗಿದೆ" ಅಂತ ಮಾತ್ರ ಇದ್ದರೆ ಅದು ಹಾಡಿದ ಕೂಲಿ, ಸಾಹಿತ್ಯ ಕೊಟ್ಟದ್ದಲ್ಲ. "ಶಾಶ್ವತವಾಗಿ" ಅಂತ ಇದ್ದರೂ, ಅವಧಿ ಬರೆಯದೆ ಸಾಹಿತ್ಯ, ರಾಗದ ಹಕ್ಕು ಕೊಟ್ಟಿದ್ದರೂ ವಕೀಲರ ಹತ್ತಿರ ಹೋಗಲೇಬೇಕು.

ಹಕ್ಕು ತಂದೆಯವರಲ್ಲೇ ಉಳಿದಿದ್ದರೂ ಈಗ ಅದು ನಿಮ್ಮೊಬ್ಬರದ್ದಲ್ಲ. ವೀಲುನಾಮೆ ಇಲ್ಲದಿದ್ದರೆ ಅಮ್ಮ, ಅಣ್ಣ, ಅಕ್ಕ, ತಂಗಿ ಎಲ್ಲರಿಗೂ ಪಾಲು ಉಂಟು, ಜಾಗದ ಹಾಗೆಯೇ. ಎಲ್ಲರಿಂದ ಒಂದು ಒಪ್ಪಿಗೆ ಪತ್ರ ಮಾಡಿಸಿ. ಮುಂಬೈಯಲ್ಲಿ ಇರುವ ಅಕ್ಕನನ್ನು ಬಿಡಬೇಡಿ. ಸಾಹಿತ್ಯ, ರಾಗದ ಜಾಗದಲ್ಲಿ ತಂದೆಯವರ ಪೂರ್ತಿ ಹೆಸರು ಹಾಕಿ. ಐಪಿಆರ್‌ಎಸ್‌ಗೆ ವಾರಸುದಾರರಾಗಿಯೂ ಸೇರಬಹುದು.

ಅಲ್ಲಿಯ ತನಕ ಉಳಿದ ನಾಲ್ಕನ್ನು ಸರಿ ಮಾಡಿ ಬಿಡುತ್ತಾ ಇರಿ, ಐದನೆಯದು ಕಾಯಲಿ. ಮನೆಯಲ್ಲಿ ಆ ಕ್ಯಾಸೆಟ್ ಇದ್ದರೆ ಕವರಿನ ಕಾಗದವನ್ನು ಹೊರಗೆ ತೆಗೆದು ಬಿಡಿಸಿ ನೋಡಿ. ಒಳಗಿನ ಮಡಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ವೃತ್ತದೊಳಗೆ ಒಂದು ಇಂಗ್ಲಿಷ್ ಪಿ, ಅದರ ಪಕ್ಕ ಒಂದು ವರ್ಷ ಮತ್ತು ಹೆಸರು ಇರಬಹುದು. ಅದು ರೆಕಾರ್ಡಿಂಗ್‌ನ ಒಡೆಯರ ಗುರುತು. ಸಿ ಅಕ್ಷರದ ವೃತ್ತ ಬೇರೆ ಇದ್ದರೆ ಅದರ ಪಕ್ಕದ ಹೆಸರನ್ನೂ ಬರೆದುಕೊಳ್ಳಿ. ಟೇಪನ್ನು ಮಾತ್ರ ಹಳೆಯ ಪ್ಲೇಯರ್‌ಗೆ ಹಾಕಿ ಒತ್ತಬೇಡಿ. ನಮ್ಮ ಮಳೆಗೆ ಬೂಸ್ಟು ಹಿಡಿದಿರುತ್ತದೆ, ಸುತ್ತಿಕೊಂಡು ತುಂಡಾದೀತು. ಸ್ವಚ್ಛ ಮಾಡಿ ಕಂಪ್ಯೂಟರಿಗೆ ಇಳಿಸುವವರ ಕೈಗೇ ಕೊಡಿ.